580020ಕ್ಕೆ ಎಷ್ಟು ಅಪವರ್ತನ? ನನ್ನ ಲೆಕ್ಕದಲ್ಲಿ 16 ಕಳೆದುಹೋಗಿದ್ದವು

ಧಾರವಾಡದ ರೂಮಿನಲ್ಲಿ ಕೂತು ಪರೀಕ್ಷೆ ಅರ್ಜಿ ತುಂಬುತ್ತಿದ್ದೆ. ಮನೆ ವಿಳಾಸಕ್ಕೆ ಹುಬ್ಬಳ್ಳಿ ಪಿನ್‌ಕೋಡ್ 580020 ಬರೆದೆ. ಸಂಖ್ಯಾಪದ್ಧತಿ ಪಾಠ ತಲೆಯಲ್ಲಿ ಸುತ್ತುತ್ತಿತ್ತು, ಸುಮ್ನೆ ಇದನ್ನೇ ಒಡೆದು ನೋಡೋಣ ಅಂತ ಪೆನ್ನು ಹಿಡಿದೆ. ಅರ್ಜಿ ಅಲ್ಲೇ ಉಳೀತು.

20 ಹೊರಗೆ ತೆಗೆದರೆ 29001. ಅದರಲ್ಲಿ 3 ತೆಗೆದರೆ 9667. ಇಲ್ಲಿವರೆಗೆ ಸುಲಭ.

7ಕ್ಕೆ ನನ್ನ ಇಷ್ಟದ ಉಪಾಯ ಒಂದಿದೆ. 7 × 11 × 13 = 1001. ಮೂಲ ಸಂಖ್ಯೆಯನ್ನು ಮೂರು ಮೂರು ಅಂಕಿಯಾಗಿ ಕತ್ತರಿಸಿ: 580 ಮತ್ತು 020. ದೊಡ್ಡದರಲ್ಲಿ ಚಿಕ್ಕದನ್ನು ಕಳೆದರೆ 560. ಇದು 7ರಿಂದ ಭಾಗವಾಗುತ್ತದೆ, 11 ಮತ್ತು 13ರಿಂದ ಆಗಲ್ಲ, 580020ರ ಕಥೆಯೂ ಅದೇ. ಒಂದು ಸಲ ಕಳೆದರೆ ಮೂರು ಪರೀಕ್ಷೆ ಮುಗೀತು! ಯಾಕೆ ಅಂದರೆ 580 ಸಾವಿರದ ಬದಲು 580 × 1001 ತಗೊಂಡರೆ 580 ಜಾಸ್ತಿ ಆಗುತ್ತದೆ, ಅದನ್ನು ವಾಪಸ್ ಕಳೆಯಬೇಕು, ಅಷ್ಟೇ.

9667 = 7 × 1381. 1381 ಅವಿಭಾಜ್ಯ. 38ರ ವರ್ಗ 1444, ಆದ್ದರಿಂದ 37ರ ತನಕ ನೋಡಿದರೆ ಸಾಕು. ಒಟ್ಟು:

580020 = 2² × 3 × 5 × 7 × 1381

ನಾನು ಎಡವಿದ್ದು ಇದಾದ ಮೇಲೆ. ಐದು ತುಂಡು ಇವೆ, ಪ್ರತಿಯೊಂದನ್ನೂ ತಗೋಬಹುದು ಅಥವಾ ಬಿಡಬಹುದು, ಹಾಗಾದರೆ 2 × 2 × 2 × 2 × 2 = 32 ಅಪವರ್ತನ ಅಂತ ಬರೆದೆ. ಉತ್ತರ 48. ಸೂತ್ರ ಗೊತ್ತಿತ್ತು, ಘಾತಕ್ಕೆ ಒಂದು ಕೂಡಿಸಿ ಗುಣಿಸೋದು. ಆ 'ಒಂದು' ಎಲ್ಲಿಂದ ಬಂತು ಅನ್ನೋದೇ ತಲೆಗೆ ಹತ್ತಿರಲಿಲ್ಲ.

ಹತ್ತಿದ್ದು ರಾತ್ರಿ ಖಾನಾವಳಿಯಲ್ಲಿ. ತಟ್ಟೆಗೆ ಎರಡು ಜೋಳದ ರೊಟ್ಟಿ ಅಂತ ಲೆಕ್ಕ ಇಟ್ಟುಕೊಳ್ಳಿ. ಎರಡನ್ನೂ ತಿನ್ನಬಹುದು, ಒಂದೇ ತಿನ್ನಬಹುದು, 'ರೊಟ್ಟಿ ಬ್ಯಾಡ್ರಿ, ಅನ್ನ ಹಾಕ್ರಿ' ಅನ್ನಲೂಬಹುದು. ರೊಟ್ಟಿ ಎರಡು, ದಾರಿ ಮೂರು. ಬೇಡ ಅನ್ನೋದೇ ಆ ಕೂಡಿಸುವ ಒಂದು. ಝುಣಕ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ, ಮೊಸರು ಒಂದೊಂದೇ ಬಟ್ಟಲು, ಹಾಗಾಗಿ ಒಂದೊಂದಕ್ಕೂ ಎರಡೇ ದಾರಿ: ಬೇಕು, ಬೇಡ. ಅವು ನಮ್ಮ 3, 5, 7, 1381. ಈಗ 3 × 2 × 2 × 2 × 2 = 48.

ನಾನು 4 ಅನ್ನು ಒಂದೇ ತುಂಡು ಅಂದುಕೊಂಡಿದ್ದೆ. ಅಂದರೆ ಒಂದೇ ರೊಟ್ಟಿ ತಿನ್ನೋರನ್ನು ಎಣಿಸಲೇ ಇಲ್ಲ! 2, 6, 10, 14, 30 ಇಂಥವು, 2 ಒಂದೇ ಸಲ ಬರುವಂಥವು, ಸರಿಯಾಗಿ 16. ಬಿಟ್ಟುಹೋದವೂ ಅಷ್ಟೇ, 48 − 32.

ಅಪವರ್ತನಗಳ ಮೊತ್ತಕ್ಕೂ ಇದೇ ತಟ್ಟೆ: (1+2+4)(1+3)(1+5)(1+7)(1+1381) = 18,57,408. ಇಲ್ಲೂ ಮೊದಲ ಆವರಣದಲ್ಲಿ ನಡುವಿನ 2 ಮರೆಯಬೇಡಿ.

ಇದನ್ನು ರೂಮ್‌ಮೇಟ್‌ಗೆ ತೋರಿಸಿದರೆ, 'ನಮ್ಮ ಧಾರವಾಡದ 580001 ಒಡಿ ನೋಡೋಣ' ಅಂದ. 580 − 1 = 579, ಅಂದರೆ 7, 11, 13 ಯಾವುದೂ ಇಲ್ಲ. 29ರಿಂದ ಭಾಗಿಸಿದರೆ ಶೇಷ ಬರೀ 1, ಕೂದಲೆಳೆಯಲ್ಲಿ ತಪ್ಪಿತು. ಇದಕ್ಕೆ 761ರ ತನಕ ನೋಡಬೇಕು. ಪೆನ್ನು ಅವನ ಕೈಗೇ ಕೊಟ್ಟೆ.