ಸಬ್‌ಗ್ಲಾಟಿಕ್ ಸ್ಟೆನೋಸಿಸ್: ಉಸಿರಿನ ದಾರಿ ಬಿಗಿಯಾದಾಗ

ಗದಗದ ನನ್ನ ತಂಗಿಯ ಮಗ ಏಳು ತಿಂಗಳಿಗೇ ಹುಟ್ಟಿದ. ಮೂರು ವಾರ ಗಂಟಲಿಗೆ ಟ್ಯೂಬ್ ಹಾಕಿ ವೆಂಟಿಲೇಟರ್‌ನಲ್ಲಿ ಇಟ್ಟಿದ್ದರು. ಕೂಸು ಉಳಿಯಿತು. ಮನೆಗೆ ಬಂದ ಮೇಲೆ ಉಸಿರಾಡುವಾಗ ಸದ್ದು ಶುರುವಾಯಿತು. ದಮ್ಮು ಇರಬೇಕು ಅಂತ ಎರಡು ತಿಂಗಳು ನೆಬುಲೈಸರ್ ಹಿಡಿದೆವು. ಕೊನೆಗೆ ಹುಬ್ಬಳ್ಳಿಯಲ್ಲಿ ಮಗುವಿಗೆ ಅರಿವಳಿಕೆ ಕೊಟ್ಟು, ಗಂಟಲೊಳಗೆ ದುರ್ಬೀನು ಇಳಿಸಿ ನೋಡಿದ ಡಾಕ್ಟರು ಚೀಟಿಯಲ್ಲಿ ಬರೆದದ್ದು ಈ ಪದ.

ಗ್ಲಾಟಿಸ್ ಅಂದರೆ ಧ್ವನಿತಂತುಗಳ ನಡುವಿನ ಸಂದು. ಸಬ್ ಅಂದರೆ ಕೆಳಗೆ. ಸ್ಟೆನೋಸಿಸ್ ಅಂದರೆ ಕಿರಿದಾಗುವುದು.

ಆ ಜಾಗವೇ ಯಾಕೆ? ಅಲ್ಲಿ ಕ್ರೈಕಾಯ್ಡ್ ಎಂಬ ಉಂಗುರ ಇದೆ. ಅದರ ಕೆಳಗಿನ ಶ್ವಾಸನಾಳದ ಉಂಗುರಗಳೆಲ್ಲ ಲಾಳದ ಹಾಗೆ, ಹಿಂದೆ ತೆರೆದಿರುತ್ತವೆ. ಕ್ರೈಕಾಯ್ಡ್ ಮಾತ್ರ ಬಳೆಯಂತೆ ಪೂರ್ತಿ ಸುತ್ತು. ಒಳಗೆ ಬಾವು ಬಂದರೆ ಹೊರಕ್ಕೆ ಹಿಗ್ಗಲು ಜಾಗವಿಲ್ಲ. ಎಳೆಗೂಸಿನಲ್ಲಿ ಈ ದಾರಿಯ ಅಗಲ ಸುಮಾರು 4 ಮಿಲಿಮೀಟರ್. ಸುತ್ತಲೂ 1 ಮಿಲಿಮೀಟರ್ ಬಾತರೆ ಗಾಳಿಗೆ ಉಳಿಯುವ ಜಾಗ ಬರೀ ಕಾಲು ಭಾಗ! ಟ್ಯೂಬ್ ಒತ್ತಿ ಆದ ಗಾಯ ಮಾಯುವಾಗ ಗಟ್ಟಿ ಕಲೆ ಕಟ್ಟಿ ದಾರಿ ಬಿಗಿಯಾಗುತ್ತದೆ. ಹಾಗಂತ ಟ್ಯೂಬನ್ನು ದೂರಲು ನನಗೆ ಮನಸ್ಸಿಲ್ಲ. ಅದಿಲ್ಲದಿದ್ದರೆ ಮಗುವೇ ಇರುತ್ತಿರಲಿಲ್ಲ ಅಲ್ವಾ. ಕೆಲವು ಮಕ್ಕಳಿಗೆ ಇದು ಹುಟ್ಟಿನಿಂದಲೂ ಇರುತ್ತದೆ.

ದಮ್ಮಿನ ಸುಯ್‌ಗುಟ್ಟುವಿಕೆ ಜಾಸ್ತಿ ಕೇಳುವುದು ಉಸಿರು ಬಿಡುವಾಗ. ಈ ಸದ್ದು ಸಾಮಾನ್ಯವಾಗಿ ಎಳೆದುಕೊಳ್ಳುವಾಗಲೂ ಬಿಡುವಾಗಲೂ ಕೇಳುತ್ತದೆ, ಗರಗಸ ಎಳೆದ ಹಾಗೆ. ಇದಕ್ಕೆ ಸ್ಟ್ರೈಡರ್ ಅನ್ನುತ್ತಾರೆ. ಟ್ಯೂಬ್ ಹಾಕಿಸಿಕೊಂಡಿದ್ದ ಮಗುವಿನಲ್ಲಿ ಇದು ಕೇಳಿದರೆ ದಯವಿಟ್ಟು ನಮ್ಮ ಹಾಗೆ ಎರಡು ತಿಂಗಳು ಕಾಯಬೇಡಿ.

ಎಷ್ಟು ಮುಚ್ಚಿದೆ ಅನ್ನುವುದಕ್ಕೆ ನಾಲ್ಕು ಗ್ರೇಡ್‌ಗಳಿವೆ. ನಮ್ಮ ಚೀಟಿಯಲ್ಲಿ ಇದ್ದದ್ದು ಮೂರನೆಯದು, ಅಂದರೆ ಶೇಕಡಾ 71ರಿಂದ 99ರಷ್ಟು ಮುಚ್ಚಿದೆ ಎಂದು. ಕಡಿಮೆ ಇದ್ದರೆ ಬಲೂನ್ ಉಬ್ಬಿಸಿ ಅಗಲ ಮಾಡುತ್ತಾರೆ. ಜಾಸ್ತಿ ಇದ್ದರೆ ಲ್ಯಾರಿಂಗೋಟ್ರೇಕಿಯಲ್ ರೀಕನ್‌ಸ್ಟ್ರಕ್ಷನ್, ಡಾಕ್ಟರುಗಳ ಬಾಯಲ್ಲಿ ಎಲ್‌ಟಿಆರ್. ಹೆಸರು ಕೇಳಿ ಹೆದರಬೇಡಿ. ಕುಬಸ ಬಿಗಿಯಾದರೆ ಹೊಲಿಗೆ ಬಿಚ್ಚಿ ನಡುವೆ ಖಣದ ತುಂಡು ಸೇರಿಸುತ್ತೇವಲ್ಲ, ಅದೇ ಲೆಕ್ಕ. ಉಂಗುರವನ್ನು ಸೀಳಿ, ಮಗುವಿನದೇ ಪಕ್ಕೆಲುಬಿನ ತುದಿಯ ಮೆತ್ತನೆ ಎಲುಬಿನ ಚೂರು ತೆಗೆದು ಆ ಸಂದಿಗೆ ಹೊಲಿಯುತ್ತಾರೆ. ಬಳೆ ದೊಡ್ಡದಾಗುತ್ತದೆ. ಕೆಲವರಿಗೆ ಕಿರಿದಾದ ಭಾಗವನ್ನೇ ಕತ್ತರಿಸಿ ತೆಗೆದು ಮೇಲಿನದನ್ನೂ ಕೆಳಗಿನದನ್ನೂ ಜೋಡಿಸುವುದೂ ಉಂಟು.

ಅಲ್ಲಿಯವರೆಗೆ ಕುತ್ತಿಗೆಯಲ್ಲಿ ರಂಧ್ರ ಮಾಡಿ ಟ್ಯೂಬ್ ಇಡಬೇಕಾಗಬಹುದು. ಇದೇ ಟ್ರೇಕಿಯಾಸ್ಟಮಿ. ನಮ್ಮ ಕೂಸಿಗೂ ಇಟ್ಟಿದ್ದಾರೆ. ಗಾಳಿ ಧ್ವನಿತಂತುಗಳಿಗೆ ಮುಟ್ಟುವುದಿಲ್ಲ, ಅದಕ್ಕೇ ಅತ್ತರೆ ಸದ್ದಿಲ್ಲ. ಬಾಯಿ ತೆರೆದಿರುತ್ತದೆ, ಕಣ್ಣೀರು ಇಳಿಯುತ್ತದೆ, ಅಷ್ಟೇ. ರಾತ್ರಿ ಅಳು ಕೇಳುವುದಿಲ್ಲ ಅಂತ ಅವ್ವ ಅವನ ಎದೆ ಮೇಲೆ ಕೈ ಇಟ್ಟುಕೊಂಡೇ ಮಲಗುತ್ತಾಳೆ. ಟ್ಯೂಬಿನ ಕಫವನ್ನು ಸಕ್ಷನ್ ಮೆಷಿನ್‌ನಿಂದ ತೆಗೆಯುವುದನ್ನೂ ಕಲಿತಿದ್ದಾಳೆ.

ಎಲ್‌ಟಿಆರ್ ಆಗಿ ದಾರಿ ಚೆನ್ನಾಗಿ ತೆರೆದರೆ ಈ ಟ್ಯೂಬ್ ತೆಗೆಯಬಹುದು. ಎಷ್ಟೋ ಸಲ ರಂಧ್ರ ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ದನಿ ಸ್ವಲ್ಪ ಗೊಗ್ಗರಾಗಿ ಉಳಿಯಬಹುದು ಎಂದಿದ್ದಾರೆ. ಎಂಥ ದನಿಯಾದರೂ ಸರಿ, ಅವನು ಅಳುವುದನ್ನು ಅವ್ವ ಕೇಳಬೇಕು. ಸದ್ಯಕ್ಕೆ ಆಪರೇಷನ್ನಿಗೆ ಅವನ ತೂಕ ಇನ್ನಷ್ಟು ಏರಲಿ ಅಂತ ಕಾಯುತ್ತಿದ್ದೇವೆ.