ರಾತ್ರಿ ಎಲ್ಲಿ ನಿಲ್ಲಿಸ್ತೀರಿ? ಕ್ರೊಯೇಷಿಯಾದ ಕಡಲಲ್ಲಿ ಹಾಯಿದೋಣಿಯ ಒಂದು ವಾರ

ಬೆಂಗಳೂರಿನಿಂದ ಬರುವ ಗುಂಪುಗಳು ಮೊದಲು ಕಳಿಸುವುದು ಒಂದು ಎಕ್ಸೆಲ್ ಶೀಟ್. ಶನಿವಾರ ಸ್ಪ್ಲಿಟ್, ಭಾನುವಾರ ಹ್ವಾರ್, ಸೋಮವಾರ ವಿಸ್, ಮಂಗಳವಾರ ಕೊರ್ಚುಲಾ, ಬುಧವಾರ ಮ್ಲೆಟ್, ಗುರುವಾರ ಡುಬ್ರೊವ್ನಿಕ್. ಶುಕ್ರವಾರದ ಮುಂದೆ ‘ವಾಪಸ್’ ಅಂತಷ್ಟೇ ಇರುತ್ತದೆ. ಸ್ಪ್ಲಿಟ್‌ನಿಂದ ಡುಬ್ರೊವ್ನಿಕ್‌ಗೆ ಸಮುದ್ರದ ದಾರಿ ನೂರು ನಾಟಿಕಲ್ ಮೈಲಿಗಿಂತ ಜಾಸ್ತಿ. ಒಂದು ನಾಟಿಕಲ್ ಮೈಲಿ ಅಂದರೆ 1.85 ಕಿಲೋಮೀಟರ್. 45 ಅಡಿ ಉದ್ದದ ಹಾಯಿದೋಣಿ ಒಳ್ಳೆ ಗಾಳಿ ಸಿಕ್ಕರೂ ಗಂಟೆಗೆ ಆರೇಳು ಮೈಲಿ ಹೋಗುತ್ತದೆ. ಆ ಒಂದು ಪದದ ‘ವಾಪಸ್’ ಅಂದರೆ ಹದಿನಾರು ಗಂಟೆಗೂ ಹೆಚ್ಚು ಕಾಲ ಎಂಜಿನ್ ಸದ್ದು ಕೇಳಿಕೊಂಡು ಕೂರುವುದು.

ನಾನು ಬೇಸಿಗೆಯಲ್ಲಿ ಸ್ಪ್ಲಿಟ್ ಸುತ್ತಮುತ್ತ ಬಾಡಿಗೆ ಯಾಟ್ ನಡೆಸುವ ಸ್ಕಿಪ್ಪರ್. ಶೀಟ್ ನೋಡಿದ ಮೇಲೆ ನಾನು ಕೇಳುವ ಪ್ರಶ್ನೆ ಒಂದೇ: ರಾತ್ರಿ ಎಲ್ಲಿ ನಿಲ್ಲಿಸ್ತೀರಿ? ಹೆಚ್ಚಿನವರು ಊರಿನ ಹೆಸರು ಹೇಳುತ್ತಾರೆ. ನನಗೆ ಬೇಕಿರುವುದು ಊರಲ್ಲ. ಯಾವ ಕೊಲ್ಲಿ, ಅದರ ಬಾಯಿ ಯಾವ ದಿಕ್ಕಿಗೆ ತೆರೆದಿದೆ, ಆ ರಾತ್ರಿ ಗಾಳಿ ಎಲ್ಲಿಂದ ಬರುತ್ತದೆ, ಇಷ್ಟು. ಹಗಲಲ್ಲಿ ಎಲ್ಲರೂ ಎಚ್ಚರ ಇರುತ್ತಾರೆ, ಗಾಳಿ ಕೆಟ್ಟರೆ ದಿಕ್ಕು ಬದಲಿಸಬಹುದು. ರಾತ್ರಿ ಎರಡು ಗಂಟೆಗೆ, ಕತ್ತಲಲ್ಲಿ, ಅರ್ಧ ನಿದ್ದೆಯಲ್ಲಿ ಲಂಗರು ಎತ್ತಿ ಬೇರೆ ಜಾಗ ಹುಡುಕುವುದು ಯಾರಿಗೂ ಬೇಡ. ಹಾಗಾಗಿ ನನ್ನ ಪ್ಲಾನ್ ರಾತ್ರಿಯಿಂದ ಶುರುವಾಗುತ್ತದೆ. ಹಗಲು ಏನು ನೋಡಬೇಕು ಅನ್ನುವುದು ಆಮೇಲೆ.

ಇದು ಅರ್ಥವಾಗಬೇಕಾದರೆ ಇಲ್ಲಿನ ಗಾಳಿಗಳ ಪರಿಚಯ ಬೇಕು. ಈ ಕರಾವಳಿಯಲ್ಲಿ ಗಾಳಿಗಳಿಗೆ ಹೆಸರಿದೆ, ಸ್ವಭಾವವೂ ಇದೆ.

ಬೇಸಿಗೆಯ ಒಳ್ಳೆ ಗಾಳಿ ಮಾಯೆಸ್ಟ್ರಾಲ್. ವಾಯವ್ಯದಿಂದ ಬರುತ್ತದೆ. ಬಿಸಿಲೇರಿ ನೆಲ ಕಾದ ಮೇಲೆ ಶುರುವಾಗಿ, ಮಧ್ಯಾಹ್ನ ಎರಡು ಮೂರು ಗಂಟೆಗೆ ಜೋರಾಗಿ, ಸೂರ್ಯ ಮುಳುಗುವ ಹೊತ್ತಿಗೆ ಸುಮ್ಮನಾಗುತ್ತದೆ. ಮಲ್ಪೆ, ಹೊನ್ನಾವರದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಳೆಗಾಲ ಬಿಟ್ಟು ಉಳಿದ ದಿನ ಅಲ್ಲಿ ಮಧ್ಯಾಹ್ನ ಏಳುವ ಕಡಲ ಗಾಳಿಗೂ ಕಾರಣ ಇದೇ. ಒಂದು ವಾರ ಪೂರ್ತಿ ಮಾಯೆಸ್ಟ್ರಾಲ್ ಸಿಕ್ಕರೆ ಯಾರು ಬೇಕಾದರೂ ಒಳ್ಳೆ ಸ್ಕಿಪ್ಪರ್.

ಯೂಗೊ ಬೇರೆ ಥರ. ಆಗ್ನೇಯದ ಗಾಳಿ. ಹೇಳಿ ಕೇಳಿ ಬರುತ್ತದೆ: ಮೊದಲು ಮೋಡ, ಆಮೇಲೆ ಸೆಕೆ, ಬಟ್ಟೆ ಒಣಗುವುದಿಲ್ಲ, ಬ್ಯಾರೋಮೀಟರ್ ಇಳಿಯುತ್ತದೆ. ಎರಡು ಮೂರು ದಿನ ಬಲ ಕೂಡಿಸಿಕೊಳ್ಳುತ್ತದೆ. ಏಡ್ರಿಯಾಟಿಕ್ ಸಮುದ್ರ ಉದ್ದಕ್ಕೆ ಸುಮಾರು 800 ಕಿಲೋಮೀಟರ್ ಇದೆ. ಯೂಗೊ ಆ ಉದ್ದಕ್ಕೇ ಬೀಸುವುದರಿಂದ ಅಲೆಗೆ ಬೆಳೆಯಲು ಬೇಕಾದಷ್ಟು ಜಾಗ. ನೀರಿನ ಮಟ್ಟವೂ ಏರಿ ಕೆಲವು ಕಡೆ ಧಕ್ಕೆಯ, ಅಂದರೆ ದೋಣಿ ಕಟ್ಟುವ ಕಟ್ಟೆಯ, ಮೇಲೆ ಉಕ್ಕುತ್ತದೆ. ಹಳೆಯ ಡುಬ್ರೊವ್ನಿಕ್ ಗಣರಾಜ್ಯದಲ್ಲಿ ಯೂಗೊ ಬೀಸುವಾಗ ದೊಡ್ಡ ತೀರ್ಮಾನ ತೆಗೆದುಕೊಳ್ಳುತ್ತಿರಲಿಲ್ಲ ಅಂತ ಇಲ್ಲಿನವರು ಹೇಳುತ್ತಾರೆ. ಮೂರನೇ ದಿನದ ಯೂಗೊದಲ್ಲಿ ಒಂದೇ ದೋಣಿಯಲ್ಲಿರುವ ಎಂಟು ಜನರ ಮೂಡ್ ನೋಡಿದರೆ ಆ ಮಾತು ನಿಜ ಅನ್ನಿಸುತ್ತದೆ.

ನನಗೆ ಭಯ ಇರುವುದು ಬುರಾ ಕಂಡರೆ. ಈಶಾನ್ಯದ ಗಾಳಿ. ಕರಾವಳಿಯ ಬೆನ್ನಿಗೇ ವೆಲೆಬಿಟ್, ಮೊಸೊರ್, ಬಿಯೊಕೊವೊ ಬೆಟ್ಟಗಳು ನಿಂತಿವೆ. ಬಿಯೊಕೊವೊದ ನೆತ್ತಿ 1762 ಮೀಟರ್, ಅದೂ ಸಮುದ್ರದ ದಡದಿಂದಲೇ ಎದ್ದದ್ದು. ಬೆಟ್ಟದ ಆಚೆ ತಣ್ಣನೆಯ ಭಾರದ ಗಾಳಿ ತುಂಬಿಕೊಂಡು, ಕಣಿವೆಗಳಲ್ಲಿ ಜಾರಿ ಈ ಕಡೆ ಬೀಳುತ್ತದೆ. ಬೀಸುವುದಲ್ಲ, ಬೀಳುವುದು. ಅದಕ್ಕೇ ಒಂದೇ ಸಮ ಇರುವುದಿಲ್ಲ. ಹತ್ತು ನಾಟ್ (ಒಂದು ನಾಟ್ ಅಂದರೆ ಗಂಟೆಗೆ ಒಂದು ನಾಟಿಕಲ್ ಮೈಲಿ) ಇದ್ದದ್ದು ಅರೆ ನಿಮಿಷದಲ್ಲಿ ಮೂವತ್ತೈದು ಆಗುತ್ತದೆ. 1998ರ ಡಿಸೆಂಬರ್‌ನಲ್ಲಿ ಮಾಸ್ಲೆನಿಟ್ಸಾ ಸೇತುವೆಯ ಹತ್ತಿರ ಗಂಟೆಗೆ 248 ಕಿಲೋಮೀಟರ್ ವೇಗದ ಬುರಾ ಅಳೆದಿದ್ದರು. ಅದು ಚಳಿಗಾಲದ ಮಾತು. ಬೇಸಿಗೆಯ ಬುರಾ ಅಷ್ಟಿರುವುದಿಲ್ಲ, ಆದರೆ ಲಂಗರು ಕೀಳಲು ಅದರ ಮೂರನೇ ಒಂದು ಭಾಗ ಸಾಕು. ಮೋಸ ಏನೆಂದರೆ ಆಕಾಶ ತಿಳಿಯಾಗಿ, ಗಾಳಿ ಒಣಗಿ, ಹವೆ ತುಂಬಾ ಚೆನ್ನಾಗಿ ಕಾಣುತ್ತಿರುತ್ತದೆ. ಬೆಟ್ಟದ ನೆತ್ತಿಯ ಮೇಲೆ ಮಾತ್ರ ಬಿಳಿ ಮೋಡ ಟೋಪಿ ಥರ ಕೂತಿರುತ್ತದೆ. ಅದು ಕಂಡರೆ ಆ ದಿನ ಬೆಟ್ಟದ ಬುಡದಲ್ಲಿ ನಾನಂತೂ ದೋಣಿ ನಿಲ್ಲಿಸುವುದಿಲ್ಲ.

ನೆವೆರಾ ಅಂತ ಇನ್ನೊಂದಿದೆ, ಬೇಸಿಗೆಯಲ್ಲಿ ಪಶ್ಚಿಮದಿಂದ ಗುಡುಗು ಮಳೆ ಹೊತ್ತು ದಿಢೀರ್ ಬರುವುದು. ಬೇಗ ಮುಗಿಯುತ್ತದೆ. ಆದರೆ ಆ ಸ್ವಲ್ಪ ಹೊತ್ತು ಸಾಲದೇ ಅನ್ನುವಷ್ಟು ಗಲಾಟೆ.

ಈಗ ವಿಸ್ ದ್ವೀಪಕ್ಕೆ ಬನ್ನಿ. ಸ್ಪ್ಲಿಟ್‌ನಿಂದ ಸುಮಾರು 30 ನಾಟಿಕಲ್ ಮೈಲಿ. ಅಲ್ಲಿ ಮುಖ್ಯವಾದ ಊರು ಎರಡೇ. ವಿಸ್ ಊರಿನ ಕೊಲ್ಲಿ ಈಶಾನ್ಯಕ್ಕೆ ತೆರೆದಿದೆ. ಕೊಮಿಝಾ ದ್ವೀಪದ ಇನ್ನೊಂದು ತುದಿಯಲ್ಲಿ, ಪಶ್ಚಿಮಕ್ಕೆ ತೆರೆದಿದೆ. ಎರಡೂ ಚಂದ, ಎರಡರಲ್ಲೂ ಒಳ್ಳೆ ಊಟ, ಮಧ್ಯೆ ರಸ್ತೆಯಲ್ಲಿ ಹತ್ತು ಕಿಲೋಮೀಟರ್. ಬುರಾ ಬರುವ ರಾತ್ರಿ ವಿಸ್ ಊರಿನ ಧಕ್ಕೆಯಲ್ಲಿ ದೋಣಿಗಳು ಒಂದಕ್ಕೊಂದು ಗುದ್ದಾಡುತ್ತವೆ. ಪಶ್ಚಿಮದ ಗಾಳಿ ಜೋರಿದ್ದ ದಿನ ಕೊಮಿಝಾದಲ್ಲಿ ಊಟದ ತಟ್ಟೆ ಮೇಜಿನ ಮೇಲೆ ನಿಲ್ಲುವುದಿಲ್ಲ. ‘ಸೋಮವಾರ ವಿಸ್’ ಅಂತ ಶೀಟ್‌ನಲ್ಲಿ ಬರೆದರೆ ಪ್ರಶ್ನೆಗೆ ಉತ್ತರ ಸಿಗಲಿಲ್ಲ ಅಂತಲೇ ಅರ್ಥ. ಯಾವ ವಿಸ್ ಅನ್ನುವುದನ್ನು ಸೋಮವಾರ ಬೆಳಿಗ್ಗೆ ಹವಾಮಾನ ವರದಿ ನೋಡಿ ಹೇಳಬೇಕು.

ವಿಸ್ ಬಗ್ಗೆ ಇನ್ನೊಂದು ಮಾತು ಹೇಳಿಯೇ ಮುಂದೆ ಹೋಗುತ್ತೇನೆ, ಯಾಕೆಂದರೆ ನನಗೆ ಅದು ಹ್ವಾರ್‌ಗಿಂತ ಇಷ್ಟ. ಯುಗೋಸ್ಲಾವಿಯಾ ಕಾಲದಲ್ಲಿ ಅದು ಸೇನೆಯ ನೆಲೆ. 1989ರವರೆಗೆ ವಿದೇಶಿಯರಿಗೆ ಪ್ರವೇಶವೇ ಇರಲಿಲ್ಲ. ಬೇರೆ ದ್ವೀಪಗಳಲ್ಲಿ ಹೋಟೆಲ್‌ಗಳು ಏಳುತ್ತಿದ್ದಾಗ ಇಲ್ಲಿ ದ್ರಾಕ್ಷಿ ತೋಟ, ಮೀನುಗಾರಿಕೆ ಅಷ್ಟೇ ಉಳಿದವು. ಸಬ್‌ಮರೀನ್ ಬಚ್ಚಿಡಲು ಬಂಡೆ ಕೊರೆದ ಸುರಂಗ ಈಗಲೂ ಬಾಯಿ ತೆರೆದುಕೊಂಡು ನಿಂತಿದೆ, ಚಿಕ್ಕ ದೋಣಿಯಲ್ಲಿ ಒಳಗೆ ಹೋಗಬಹುದು. ಹತ್ತಿರದ ಬಿಶೆವೊ ದ್ವೀಪದಲ್ಲಿ ನೀಲಿ ಗುಹೆ ಇದೆ. 1884ರಲ್ಲಿ ಅದಕ್ಕೆ ಬಂಡೆ ಒಡೆದು ಬಾಗಿಲು ಮಾಡಿದರು. ನಡು ಬೆಳಗಿನ ಹೊತ್ತು ಬಿಸಿಲು ನೀರಿನ ಅಡಿಯಿಂದ ಒಳಗೆ ಬಂದು ಗುಹೆಯೆಲ್ಲ ನೀಲಿಯಾಗುತ್ತದೆ. ನಿಮ್ಮ ಯಾಟ್ ಒಳಗೆ ಹೋಗುವುದಿಲ್ಲ. ಟಿಕೆಟ್ ತೆಗೆದುಕೊಂಡು ಅವರ ಚಿಕ್ಕ ದೋಣಿಯಲ್ಲಿ ತಲೆ ತಗ್ಗಿಸಿ ಹೋಗಬೇಕು. ಯೂಗೊ ಅಲೆ ಎದ್ದರೆ ಗುಹೆ ಬಂದ್. ಜುಲೈ, ಆಗಸ್ಟ್‌ನಲ್ಲಿ ಸಾಲು ಎಷ್ಟಿರುತ್ತದೆ ಅಂದರೆ, ನಾನು ಅತಿಥಿಗಳಿಗೆ ಅದನ್ನು ಬಿಡಿ ಅಂತಲೇ ಹೇಳುತ್ತೇನೆ. ಜೂನ್ ಮೊದಲ ವಾರಗಳು ಅಥವಾ ಸೆಪ್ಟೆಂಬರ್‌ನಲ್ಲಿ ಬಂದರೆ ನೋಡಿ.

ಜಾಗ ಗೊತ್ತಾದ ಮೇಲೆ ನಿಲ್ಲುವುದು ಹೇಗೆ? ಮೂರು ದಾರಿ ಇವೆ. ಧಕ್ಕೆಗೆ ಕಟ್ಟುವುದು, ಲಂಗರು ಹಾಕುವುದು, ಇಲ್ಲವೇ ನೀರಲ್ಲಿ ತೇಲುವ ಬೋಯಾಗೆ ಕಟ್ಟುವುದು.

ಜನ ಹೆಚ್ಚು ಹೆದರುವುದು ಧಕ್ಕೆಗೆ. ಮೆಡಿಟರೇನಿಯನ್ ಪದ್ಧತಿಯಲ್ಲಿ ದೋಣಿಯ ಪಕ್ಕ ಧಕ್ಕೆಗೆ ತಾಗುವುದಿಲ್ಲ. ರಿವರ್ಸ್‌ನಲ್ಲಿ ಬಂದು, ಎರಡು ದೋಣಿಗಳ ನಡುವೆ ನುಗ್ಗಿ, ಹಿಂಬದಿಯನ್ನು ಧಕ್ಕೆಗೆ ಕಟ್ಟಬೇಕು. ಮುಂಭಾಗಕ್ಕೆ ತಳದಿಂದ ಬರುವ ಹಗ್ಗ ಒಂದನ್ನು ಮರೀನಾದವರು, ಅಂದರೆ ಯಾಟ್ ನಿಲ್ಲುವ ಬಂದರಿನವರು, ಎತ್ತಿಕೊಡುತ್ತಾರೆ. ಸಂತೆ ದಿನ ಪೇಟೆಯಲ್ಲಿ ಲಾರಿ ರಿವರ್ಸ್ ಹಾಕಿದ ಹಾಗೆ, ಕಾಫಿ ಕುಡಿಯುತ್ತಾ ಕೂತವರೆಲ್ಲ ‘ಬರ್ಲಿ, ಬರ್ಲಿ, ರೈಟ್’ ಅನ್ನುವವರೇ. ಯಾರ ಮಾತೂ ಕೇಳಬೇಡಿ. ಒಳಗೆ ಬರುವ ಮುಂಚೆಯೇ, ಹೊರಗೆ ನಿಧಾನವಾಗಿ ಒಂದು ಸುತ್ತು ಹಾಕುತ್ತಾ ಕೆಲಸ ಹಂಚಿ. ಹಿಂದಿನ ಹಗ್ಗ ಎರಡಕ್ಕೂ ಒಬ್ಬೊಬ್ಬರು, ಮುಂದಿನ ಹಗ್ಗಕ್ಕೆ ಕೈಗವಸು ಹಾಕಿದ ಒಬ್ಬರು, ಯಾಕೆಂದರೆ ಆ ಹಗ್ಗಕ್ಕೆ ಚಿಪ್ಪು ಹತ್ತಿ ಕೈ ಸೀಳುತ್ತದೆ. ಗಾಳಿ ಯಾವ ಕಡೆಯಿಂದ ತಳ್ಳುತ್ತಿದೆಯೋ ಆ ಕಡೆಯ ಹಗ್ಗ ಮೊದಲು. ಎರಡು ದೋಣಿಯ ನಡುವೆ ಕೈಯನ್ನಾಗಲಿ ಕಾಲನ್ನಾಗಲಿ ತೂರಿಸಲೇಬಾರದು. ಫೈಬರ್ ಗೀಚಿದರೆ ಡಿಪಾಸಿಟ್ ಹೋಗುತ್ತದೆ, ಹೋಗಲಿ. ಹತ್ತು ಟನ್ ತೂಕಕ್ಕೆ ಕಾಲು ಅಡ್ಡ ಕೊಟ್ಟರೆ ಮುರಿಯುತ್ತದೆ.

ಲಂಗರಿನಲ್ಲಿ ಗಲಾಟೆ ಇಲ್ಲ, ಆದರೆ ಸಂಶಯ ಜಾಸ್ತಿ. ಇಲ್ಲಿನ ನೀರು ಎಷ್ಟು ತಿಳಿ ಎಂದರೆ ಏಳೆಂಟು ಮೀಟರ್ ಆಳದ ತಳ ಕಾಣುತ್ತದೆ. ತಿಳಿ ಬಣ್ಣ ಇದ್ದರೆ ಮರಳು, ಕಪ್ಪಗಿದ್ದರೆ ಪೊಸಿಡೋನಿಯಾ ಹುಲ್ಲು. ಹುಲ್ಲಿನ ಮೇಲೆ ಲಂಗರು ಕಚ್ಚುವುದಿಲ್ಲ. ಆ ಹುಲ್ಲು ಮೀನಿನ ಮರಿಗಳ ಮನೆ, ತುಂಬಾ ನಿಧಾನವಾಗಿ ಬೆಳೆಯುವುದು, ಕಿತ್ತುಹಾಕುವುದು ತಪ್ಪೂ ಹೌದು. ಮರಳಿನ ಮೇಲೆ ಹಾಕಿ, ಆಳದ ಐದು ಪಟ್ಟು ಸರಪಳಿ ಬಿಡಿ. ಆಮೇಲೆ ರಿವರ್ಸ್‌ನಲ್ಲಿ ಎಳೆದು ನೋಡಿ. ದಡದ ಮೇಲೆ ಒಂದರ ಹಿಂದೊಂದು ಇರುವ ಎರಡು ಗುರುತು ಇಟ್ಟುಕೊಳ್ಳಿ, ಒಂದು ಮರ, ಒಂದು ಮನೆ. ಅವು ಒಂದೇ ಸಾಲಲ್ಲಿ ಉಳಿದರೆ ದೋಣಿ ಜಾರುತ್ತಿಲ್ಲ. ಇಷ್ಟಾದ ಮೇಲೆ ಯಾರಾದರೂ ಮಾಸ್ಕ್ ಹಾಕಿಕೊಂಡು ಈಜಿ ಹೋಗಿ ಲಂಗರು ಹೂತಿದೆಯಾ ನೋಡಿಕೊಂಡು ಬರಲಿ. ಹೇಗಿದ್ದರೂ ಈಜಲು ಬಂದವರು ತಾನೆ.

ಬೋಯಾ ಸುಲಭ ಅನ್ನಿಸುತ್ತದೆ. ಎಷ್ಟೋ ಕೊಲ್ಲಿಗಳಲ್ಲಿ ಕೊನೊಬಾ, ಅಂದರೆ ಮನೆಮಂದಿಯೇ ನಡೆಸುವ ಊಟದ ಮನೆಗಳು, ತಮ್ಮದೇ ಬೋಯಾ ಹಾಕಿರುತ್ತವೆ. ಅಲ್ಲಿ ಊಟ ಮಾಡಿದರೆ ರಾತ್ರಿ ಕಟ್ಟಿಕೊಳ್ಳಲು ಸಾಮಾನ್ಯವಾಗಿ ದುಡ್ಡಿಲ್ಲ. ಬಿಲ್ ನೋಡಿದಾಗ ದುಡ್ಡು ಎಲ್ಲಿ ಹೋಯಿತು ಅಂತ ತಿಳಿಯುತ್ತದೆ. ನನಗೆ ಅದರಲ್ಲಿ ತಕರಾರಿಲ್ಲ. ಆದರೆ ಬೋಯಾದ ಕೆಳಗಿನ ಹಗ್ಗ ಎಷ್ಟು ಹಳೆಯದು, ಕಾಂಕ್ರೀಟ್ ದಿಮ್ಮಿ ಎಷ್ಟು ದೊಡ್ಡದು ಅಂತ ನೀವೇ ಇಣುಕಿ ನೋಡಬೇಕು. ಮಧ್ಯಾಹ್ನವೇ ಫೋನ್ ಮಾಡಿ ಬೋಯಾ ಹೇಳಿ, ಜೊತೆಗೆ ಪೆಕಾ ಕೂಡ ಹೇಳಿ. ಕಬ್ಬಿಣದ ಗಂಟೆಯಂಥ ಮುಚ್ಚಳದ ಕೆಳಗೆ ಕುರಿಮಾಂಸ ಅಥವಾ ಆಕ್ಟೋಪಸ್ ಇಟ್ಟು, ಮೇಲೆ ಕೆಂಡ ಸುರಿದು ಗಂಟೆಗಟ್ಟಲೆ ಬೇಯಿಸುವ ಅಡುಗೆ ಅದು. ಹೋಗಿ ಕೂತ ಮೇಲೆ ಕೇಳಿದರೆ ಸಿಗುವುದಿಲ್ಲ.

ಸಸ್ಯಾಹಾರಿಗಳಿಗೆ ಬ್ಲಿಟ್ವಾ ಇದೆ. ಸೊಪ್ಪು, ಆಲೂಗಡ್ಡೆ, ಬೆಳ್ಳುಳ್ಳಿ, ಆಲಿವ್ ಎಣ್ಣೆ. ಮೂರನೇ ದಿನಕ್ಕೆ ಅದೂ ಸಾಕಾಗುತ್ತದೆ, ಆಗ ದೋಣಿಯಲ್ಲೇ ಉಪ್ಪಿಟ್ಟು. ರವೆ, ಪುಳಿಯೋಗರೆ ಗೊಜ್ಜು, ಚಟ್ನಿಪುಡಿ ತನ್ನಿ. ತುಪ್ಪ, ಹಾಲಿನ ಪೇಡ ತರಬೇಡಿ. ಯುರೋಪಿಯನ್ ಒಕ್ಕೂಟದ ಹೊರಗಿನಿಂದ ಬರುವವರು ಹಾಲಿನ, ಮಾಂಸದ ಪದಾರ್ಥ ತರುವಂತಿಲ್ಲ, ವಿಮಾನ ನಿಲ್ದಾಣದಲ್ಲೇ ಬಿಸಾಡಿಸುತ್ತಾರೆ. ದೋಣಿಯ ಒಲೆ ತೂಗಾಡುತ್ತದೆ, ಹಾಗಾಗಿ ಅಡುಗೆ ಏನಿದ್ದರೂ ದೋಣಿ ನಿಂತ ಮೇಲೆ.

ಕಾಗದಪತ್ರದ ವಿಷಯ ಚುಟುಕಾಗಿ. 2023ರ ಜನವರಿ 1ರಿಂದ ಕ್ರೊಯೇಷಿಯಾ ಷೆಂಗೆನ್ ಒಳಗಿದೆ, ಯೂರೋ ಕೂಡ ಅವತ್ತೇ ಬಂತು. ಷೆಂಗೆನ್ ವೀಸಾ ಸಾಕು. ಆದರೆ ‘ಹೇಗೂ ಡುಬ್ರೊವ್ನಿಕ್‌ವರೆಗೆ ಬಂದಿದ್ದೇವೆ, ಮಾಂಟೆನೆಗ್ರೊ ನೋಡಿಬಿಡೋಣ’ ಅನ್ನುವವರು ನಿಲ್ಲಿ. ಮಾಂಟೆನೆಗ್ರೊ ಷೆಂಗೆನ್ ಹೊರಗೆ. ಒಂದೇ ಪ್ರವೇಶದ ವೀಸಾ ಇದ್ದರೆ ದೋಣಿಯನ್ನು ವಾಪಸ್ ತರಲು ನಿಮಗೆ ದಾರಿಯೇ ಇರುವುದಿಲ್ಲ. ಸ್ಕಿಪ್ಪರ್ ಇಲ್ಲದೆ ನೀವೇ ನಡೆಸುವುದಾದರೆ ಕ್ರೊಯೇಷಿಯಾ ಸರ್ಕಾರ ಒಪ್ಪುವ ಪಟ್ಟಿಯಲ್ಲಿರುವ ಲೈಸೆನ್ಸ್, ಜೊತೆಗೆ ವಿಎಚ್‌ಎಫ್ ರೇಡಿಯೊ ಪ್ರಮಾಣಪತ್ರ ಬೇಕು. ಎರಡರ ಪ್ರತಿಯನ್ನೂ ಮುಂಗಡ ಕಟ್ಟುವ ಮೊದಲೇ ಬಾಡಿಗೆ ಕಂಪನಿಗೆ ಕಳಿಸಿ, ನಡೆಯುತ್ತದೆ ಅಂತ ಬರೆಸಿಕೊಳ್ಳಿ. ಹಲಸೂರು ಕೆರೆಯಲ್ಲಿ ಡಿಂಗಿ ಓಡಿಸಿದ ಅನುಭವ ಗಾಳಿ ಓದಲು ನಿಜಕ್ಕೂ ಉಪಯೋಗ, ಆದರೆ ಬಂದರು ಅಧಿಕಾರಿ ಕೇಳುವುದು ಕಾಗದ. ತೊಂದರೆ ಆದರೆ ರೇಡಿಯೊ ಚಾನೆಲ್ 16, ಫೋನ್ ಆದರೆ 195. ದೋಣಿ ಹತ್ತಿದ ದಿನವೇ ಎಲ್ಲರಿಗೂ ಹೇಳಿಕೊಡಿ, ಸ್ಕಿಪ್ಪರೇ ನೀರಿಗೆ ಬಿದ್ದರೆ ಕರೆ ಮಾಡುವವರು ಬೇರೆಯವರು ಅಲ್ವಾ?

ಹಾಗಾದರೆ ವಾರದ ಪ್ಲಾನ್ ಹೇಗಿರಬೇಕು? ನಾನು ಮಾಡುವುದು ಹೀಗೆ. ಮೊದಲ ರಾತ್ರಿ ಮತ್ತು ಕೊನೆಯ ರಾತ್ರಿ ಗಟ್ಟಿ ಮಾಡುತ್ತೇನೆ, ಮಧ್ಯದ್ದನ್ನು ಗಾಳಿಗೆ ಬಿಡುತ್ತೇನೆ. ಶನಿವಾರ ದೋಣಿ ಕೈಗೆ ಸಿಗುವುದು ಸಂಜೆ ಐದರ ಸುಮಾರಿಗೆ. ಅವತ್ತು ಎಲ್ಲಿಗೂ ಹೋಗುವುದಿಲ್ಲ, ಮರೀನಾದಲ್ಲೇ ಮಲಗಿ ಗಂಟು ಹಾಕುವುದು ಕಲಿಸುತ್ತೇನೆ. ಆಮೇಲಿನ ದಿನಗಳಿಗೆ ಪ್ರತಿ ಸಂಜೆಗೂ ಎರಡು ಕೊಲ್ಲಿಗಳ ಹೆಸರು ಬರೆದಿರುತ್ತೇನೆ, ಬಾಯಿ ಬೇರೆ ಬೇರೆ ದಿಕ್ಕಿಗೆ ತೆರೆದವು. ಬೆಳಿಗ್ಗೆ ಹವಾಮಾನ ಸಂಸ್ಥೆಯ ವರದಿ ನೋಡಿ ಒಂದನ್ನು ಹೊಡೆದು ಹಾಕುತ್ತೇನೆ, ಸಂಜೆ ವರದಿಯನ್ನು ಮತ್ತೊಮ್ಮೆ ನೋಡುತ್ತೇನೆ. ಈಗ ಗಾಳಿ ನಿಂತಿದೆ ಅನ್ನುವುದು ಲೆಕ್ಕಕ್ಕಿಲ್ಲ. ಬೆಳಗಿನ ಜಾವ ಯಾವುದು ಬರುತ್ತದೆ ಅನ್ನುವುದು ಲೆಕ್ಕ. ಮಧ್ಯಾಹ್ನ ಮೂರರೊಳಗೆ ಜಾಗ ಹಿಡಿಯಲು ನೋಡುತ್ತೇನೆ, ಆಗಸ್ಟ್‌ನಲ್ಲಿ ಇನ್ನೂ ಮುಂಚೆ. ಐದು ಗಂಟೆಗೆ ಬಂದವರಿಗೆ ಉಳಿದಿರುವುದು ಕೊಲ್ಲಿಯ ಬಾಯಲ್ಲಿನ ಜಾಗ.

ಕೊನೆಯ ರಾತ್ರಿ ಸ್ಪ್ಲಿಟ್‌ಗೆ ಹತ್ತಿರ ಇರಬೇಕು. ಬಹಳಷ್ಟು ಕಂಪನಿಗಳು ಶುಕ್ರವಾರ ಸಂಜೆಯೇ ದೋಣಿ ವಾಪಸ್ ಕೇಳುತ್ತವೆ, ಆಗ ಕೊನೆಯ ರಾತ್ರಿ ಅಂದರೆ ಗುರುವಾರ. ಬ್ರಾಚ್ ದ್ವೀಪದ ಮಿಲ್ನಾ ಇಲ್ಲವೇ ಶೋಲ್ಟಾದ ಶೆಶುಲಾ ನನ್ನ ಆಯ್ಕೆ. ಎರಡೂ ಒಳಗೆ ಸರಿದ ಕೊಲ್ಲಿಗಳು, ಎರಡರಿಂದಲೂ ಸ್ಪ್ಲಿಟ್‌ಗೆ ಎರಡು ಮೂರು ಗಂಟೆ. ಶುಕ್ರವಾರ ಮಧ್ಯಾಹ್ನ ಆ ಭಾಗದ ಬಾಡಿಗೆ ದೋಣಿಗಳೆಲ್ಲ ಒಂದೇ ಸಲ ಡೀಸೆಲ್ ತುಂಬಿಸಲು ಬರುತ್ತವೆ. ಬಂಕ್ ಮುಂದೆ ಸಾಲಿನಲ್ಲಿ ದೋಣಿಯನ್ನು ಒಂದೆರಡು ಗಂಟೆ ತಡೆದು ನಿಲ್ಲಿಸುವುದು ವಾರದ ಅತಿ ಕಷ್ಟದ ಕೆಲಸ, ಅದಕ್ಕೇ ನಾನು ಹನ್ನೊಂದರ ಒಳಗೆ ಅಲ್ಲಿರುತ್ತೇನೆ. ಮರೀನಾದಲ್ಲಿ ಕಂಪನಿಯ ಮುಳುಗುಗಾರ ಕೆಳಗಿಳಿದು ತಳ, ಕೀಲ್ (ತಳದ ಕೆಳಗಿನ ಭಾರದ ರೆಕ್ಕೆ), ಪ್ರೊಪೆಲರ್ ನೋಡುತ್ತಾನೆ. ಅವನು ಮೇಲೆ ಬಂದು ಸರಿ ಇದೆ ಅನ್ನುವವರೆಗೆ ಡಿಪಾಸಿಟ್ ವಾಪಸ್ ಬರುವುದಿಲ್ಲ. ಡೀಸೆಲ್ ರಸೀದಿ ಕೈಯಲ್ಲಿಟ್ಟುಕೊಂಡಿರಿ, ಅದನ್ನೂ ಕೇಳುತ್ತಾರೆ.