ಗಿರಿ ಇಳಿಯುವಾಗ ಆಟೋಮ್ಯಾಟಿಕ್ ಕಾರಿನ ಗೇರ್ ನಮ್ಮ ಕೈಯಲ್ಲಿರಲಿ

ಆಟೋಮ್ಯಾಟಿಕ್ ಕಾರು ಕಲಿಯುತ್ತಿರುವ ನನ್ನಂಥವರಿಗಾಗಿ ಈ ಟಿಪ್ಪಣಿ. ಚಿಕ್ಕಮಗಳೂರು ಪೇಟೆಯೊಳಗೆ ಓಡಿಸೋಕೆ ಲಿವರ್ 'ಡಿ'ಯಲ್ಲಿದ್ದರೆ (ಡ್ರೈವ್, ಗೇರ್ ತಾನಾಗಿಯೇ ಬದಲಾಗುವ ಸ್ಥಾನ) ಸಾಕು. ಆದರೆ ಕೈಮರ ಚೆಕ್‌ಪೋಸ್ಟ್ ದಾಟಿ ಮುಳ್ಳಯ್ಯನಗಿರಿ ಹತ್ತುವವರು, ಲಿವರ್ ಪಕ್ಕದಲ್ಲಿ ಪ್ಲಸ್ ಮೈನಸ್ ಗುರುತು ಯಾಕಿದೆ ಅಂತ ತಿಳಿದುಕೊಂಡೇ ಹೊರಡಬೇಕು.

ನಾನು ತಿಳಿಯದೆ ಹೋಗಿದ್ದೆ. ಮುಳ್ಳಯ್ಯನಗಿರಿಯಿಂದ ಇಳಿಯುವಾಗ ಉದ್ದಕ್ಕೂ 'ಡಿ'ಯಲ್ಲೇ ಇದ್ದೆ, ಬ್ರೇಕ್ ಮೇಲಿಟ್ಟ ಕಾಲು ತೆಗೆಯಲೇ ಇಲ್ಲ. ಕೈಮರ ಹತ್ತಿರವಾಗುವಷ್ಟರಲ್ಲಿ ಸುಟ್ಟ ವಾಸನೆ. ಪೆಡಲ್ ಮೊದಲಿಗಿಂತ ಒಂದಿಂಚು ಜಾಸ್ತಿ ಒಳಗೆ ಹೋಗುತ್ತಿತ್ತು. ಪಕ್ಕದಲ್ಲಿದ್ದ ಮಾವ ಎಸ್ಟೇಟ್ ಜೀಪ್ ಓಡಿಸಿದವರು. "ಗಾಡಿ ಸೈಡಿಗೆ ಹಾಕು ಪುಟ್ಟಿ, ಬ್ರೇಕ್ ಆರ್ಲಿ" ಅಂದರು. ಅರ್ಧ ಗಂಟೆ ಅಲ್ಲೇ ನಿಂತೆವು.

ಅಷ್ಟು ಬಿಸಿ ಎಲ್ಲಿಂದ ಬಂತು ಅಂತ ಮನೆಗೆ ಬಂದು ಲೆಕ್ಕ ಹಾಕಿದೆ. ಗಿರಿಯ ತುದಿ 1,930 ಮೀಟರ್, ನಮ್ಮ ಪೇಟೆ ಸುಮಾರು 1,090 ಮೀಟರ್. 1,200 ಕಿಲೋ ತೂಕದ ಕಾರು 700 ಮೀಟರ್ ಕೆಳಗಿಳಿದರೂ ಸುಮಾರು 82 ಲಕ್ಷ ಜೌಲ್ ಶಕ್ತಿ ಎಲ್ಲಾದರೂ ಹೋಗಲೇಬೇಕು. 25 ಲೀಟರ್ ತಣ್ಣೀರು ಕುದಿಸುವಷ್ಟು ಬಿಸಿ ಅದು. ಬಚ್ಚಲ ಹಂಡೆಯನ್ನು ನೆನೆಸಿಕೊಳ್ಳಿ. ಗಾಳಿ ಮತ್ತು ಟೈರಿನ ತಡೆಗೆ ಸ್ವಲ್ಪ ಹೋಗುತ್ತದೆ. ಉಳಿದದ್ದನ್ನೆಲ್ಲ ಬ್ರೇಕ್ ಮೇಲೇ ಹೊರಿಸಿದರೆ ಪ್ಯಾಡ್‌ಗಳ ಹಿಡಿತ ಕಮ್ಮಿಯಾಗುತ್ತದೆ. ಬ್ರೇಕ್ ಆಯಿಲ್ ಕುದಿದರಂತೂ ಇನ್ನೂ ಅಪಾಯ. ಡಾಟ್ 4 ದರ್ಜೆಯ ಹೊಸ ಬ್ರೇಕ್ ಆಯಿಲ್ ಕನಿಷ್ಠ 230 ಡಿಗ್ರಿವರೆಗೆ ಕುದಿಯುವುದಿಲ್ಲ. ಗಾಳಿಯ ತೇವ ಹೀರಿಕೊಂಡು ಹಳೆಯದಾದರೆ 155 ಡಿಗ್ರಿಗೇ ಕುದಿಯಬಹುದು. ಆಗ ಪೈಪಿನೊಳಗೆ ಆವಿಯ ಗುಳ್ಳೆ ಏಳುತ್ತದೆ. ಪೆಡಲ್ ಒತ್ತಿದರೆ ಗುಳ್ಳೆ ಕುಗ್ಗುತ್ತದೆಯೇ ಹೊರತು ಒತ್ತಡ ಚಕ್ರಕ್ಕೆ ಮುಟ್ಟುವುದಿಲ್ಲ.

ಈ ಹೊರೆಯಲ್ಲಿ ಇಂಜಿನ್ ಪಾಲು ತೆಗೆದುಕೊಳ್ಳಬಲ್ಲದು. ಆಕ್ಸಿಲರೇಟರ್ ಬಿಟ್ಟಾಗ ಚಕ್ರಗಳೇ ಇಂಜಿನ್ ಅನ್ನು ತಿರುಗಿಸುತ್ತವೆ. ಆ ತಿರುಗಿಸುವ ಕೆಲಸಕ್ಕೆ ಶಕ್ತಿ ಖರ್ಚಾಗಿ ಕಾರಿನ ಓಟಕ್ಕೆ ತಡೆ ಬೀಳುತ್ತದೆ. ಗೇರ್ ಕಮ್ಮಿಯಾದಷ್ಟೂ ತಡೆ ಜಾಸ್ತಿ. 'ಡಿ'ಯಲ್ಲಿ ಏನಾಗುತ್ತದೆ ಅಂದರೆ, ಗೇರ್‌ಬಾಕ್ಸಿನ ಕಂಪ್ಯೂಟರ್ ಮುಖ್ಯವಾಗಿ ನೋಡುವುದು ಕಾರಿನ ವೇಗವನ್ನು ಮತ್ತು ನಮ್ಮ ಬಲಗಾಲನ್ನು. ಕಾಲು ಎತ್ತಿದ್ದೇವೆ, ವೇಗ ಏರುತ್ತಿದೆ. ಸರಿ, ಮೇಲಿನ ಗೇರ್ ಸಾಕು ಅಂದುಕೊಳ್ಳುತ್ತದೆ. ನಮಗೆ ಬೇಕಾದದ್ದು ಅದರ ಉಲ್ಟಾ, ಅಲ್ವಾ? ಇಳಿಜಾರು ಗುರುತಿಸುವ ಕಾರುಗಳೂ ಈಗ ಇವೆ. ಆದರೂ ಮುಂದಿನ ತಿರುವಿಗೆ ಬೇಕಾದ ಗೇರನ್ನು ಮೊದಲೇ ಹಾಕಬೇಕಾದವರು ನಾವೇ.

ಗೇರ್ ವಿಷಯದಲ್ಲಿ ಮಾವನ ಲೆಕ್ಕ ಸುಲಭ: ಹತ್ತುವಾಗ ಯಾವ ಗೇರೋ ಇಳಿಯುವಾಗಲೂ ಅದೇ. ಗಿರಿ ರಸ್ತೆಯಲ್ಲಿ ನನಗೆ ಹೆಚ್ಚಿನ ಕಡೆ ಎರಡನೇ ಗೇರ್, ತೀರಾ ಕಡಿದಾದ ತಿರುವಿನಲ್ಲಿ ಒಂದನೆಯದು. ಮೊದಲು ಬ್ರೇಕ್ ಒತ್ತಿ ವೇಗ ತಗ್ಗಿಸಿ. ಆಮೇಲೆ ಲಿವರ್ ಅನ್ನು 'ಎಂ'ಗೆ (ಮ್ಯಾನುವಲ್ ಮೋಡ್, ಗೇರ್ ನಾವೇ ಬದಲಿಸುವ ಸ್ಥಾನ) ತಂದು ಮೈನಸ್ ಕಡೆ ಒಂದು ಸಲ ತಳ್ಳಿ. ಮೈನಸ್ ಕೆಲವು ಕಾರುಗಳಲ್ಲಿ ಮುಂದಿರುತ್ತದೆ, ಕೆಲವದರಲ್ಲಿ ಹಿಂದಿರುತ್ತದೆ. ಮನೆ ಮುಂದೆ ನಿಂತಾಗಲೇ ನೋಡಿಟ್ಟುಕೊಳ್ಳಿ. ಗೇರ್ ಇಳಿದ ತಕ್ಷಣ ಇಂಜಿನ್ ಸುತ್ತುವ ವೇಗ ತೋರಿಸುವ ಆರ್‌ಪಿಎಂ ಸೂಜಿ ಮೇಲಕ್ಕೆ ಜಿಗಿಯುತ್ತದೆ, ಇಂಜಿನ್ ಗುಂಯ್ ಅನ್ನುತ್ತದೆ, ಯಾರೋ ಹಿಂದಿನಿಂದ ಹಿಡಿದೆಳೆದ ಹಾಗೆ ಆಗುತ್ತದೆ. ಮೊದಲ ಸಲ ನಾನು ಹೆದರಿ ಮತ್ತೆ ಪ್ಲಸ್ ಒತ್ತಿಬಿಟ್ಟಿದ್ದೆ. ಹಾಗೆ ಮಾಡಬೇಡಿ. ಸೂಜಿ ಕೆಂಪು ಗೆರೆ ಮುಟ್ಟದಿದ್ದರೆ ಇಂಜಿನ್‌ಗೆ ಏನೂ ಆಗುವುದಿಲ್ಲ. ವೇಗ ತೀರಾ ಜಾಸ್ತಿ ಇದ್ದರೆ ಗೇರ್‌ಬಾಕ್ಸೇ ನಮ್ಮ ಮಾತು ಕೇಳದೆ ಸುಮ್ನೆ ಇರುತ್ತದೆ.

ಪೆಟ್ರೋಲ್ ಸುರಿಯುತ್ತದೆ ಅನ್ನುವ ಭಯವೂ ಬೇಡ. ಈಗಿನ ಇಂಜಿನ್‌ಗಳಲ್ಲಿ ಗೇರ್ ಇದ್ದು ಕಾಲು ಎತ್ತಿದರೆ ಇಂಧನ ಪೂರೈಕೆ ನಿಂತುಹೋಗುತ್ತದೆ. ನ್ಯೂಟ್ರಲ್‌ಗೆ ಹಾಕಿದರೇ ಇಂಜಿನ್ ಉರಿಯುತ್ತಿರಲು ಪೆಟ್ರೋಲ್ ಬೇಕು. ಜೊತೆಗೆ ಇಂಜಿನ್ನಿನ ತಡೆಯೂ ಹೋಗುತ್ತದೆ. ಇಳಿಜಾರಿನಲ್ಲಿ ನ್ಯೂಟ್ರಲ್ ಬೇಡವೇ ಬೇಡ.

ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿಯುವವರು ಮಳೆಗಾಲದಲ್ಲಿ ಇನ್ನೊಂದು ಗಮನಿಸಿ. ಗೇರ್ ಇಳಿಸುವುದು ತಿರುವಿಗೆ ಮುಂಚೆ, ನೇರ ರಸ್ತೆಯಲ್ಲೇ ಆಗಬೇಕು. ಒದ್ದೆ ತಿರುವಿನ ಮಧ್ಯೆ ಒಮ್ಮೆಲೇ ಇಳಿಸಿದರೆ ಚಕ್ರ ಜಾರಬಹುದು.

ಹತ್ತುವಾಗಲೂ ಮ್ಯಾನುವಲ್ ಮೋಡ್ ಉಪಯೋಗವೇ. ತಿರುವಿನಲ್ಲಿ ಕಾಲು ಸಡಿಲಿಸಿದಾಗ 'ಡಿ' ಮೂರಕ್ಕೆ ಹೋಗುತ್ತದೆ, ಮತ್ತೆ ಒತ್ತಿದರೆ ತಡವರಿಸಿ ಎರಡಕ್ಕೆ ಬರುತ್ತದೆ. ಎರಡರಲ್ಲೇ ಹಿಡಿದಿಟ್ಟರೆ ಆ ಒದ್ದಾಟವಿಲ್ಲ. ಸಿವಿಟಿ ಅನ್ನುವ ಇನ್ನೊಂದು ಬಗೆಯ ಆಟೋಮ್ಯಾಟಿಕ್‌ನಲ್ಲಿ ನಿಜವಾದ ಗೇರ್‌ಗಳಿಲ್ಲ. ಅಲ್ಲಿ 'ಎಲ್' (ಲೋ) ಅಥವಾ 'ಎಸ್' (ಸ್ಪೋರ್ಟ್) ಕೊಟ್ಟಿದ್ದರೆ ಇಳಿಯುವಾಗ ಅದನ್ನು ಬಳಸಿ.

ನಿಮ್ಮ ಕಾರಿನಲ್ಲಿ 2014ರಲ್ಲಿ ಮಾರುತಿ ಸೆಲೆರಿಯೋ ಜೊತೆ ನಮ್ಮ ದೇಶಕ್ಕೆ ಬಂದ ಎಎಂಟಿ (ಮ್ಯಾನುವಲ್ ಗೇರ್‌ಬಾಕ್ಸಿನ ಕ್ಲಚ್, ಗೇರ್ ಕೆಲಸವನ್ನು ಯಂತ್ರವೇ ಮಾಡುವ ಬಗೆ) ಇದ್ದರೆ, ಒಳಗಿರುವುದು ಮಾಮೂಲಿ ಕ್ಲಚ್ಚೇ ಅನ್ನುವುದು ನೆನಪಿರಲಿ. ಏರಿನಲ್ಲಿ ಎದುರು ಬಸ್ ಬಂದು ನಿಲ್ಲಬೇಕಾದಾಗ ಆಕ್ಸಿಲರೇಟರ್ ಒತ್ತಿ ಕಾರನ್ನು ತಡೆದು ನಿಲ್ಲಿಸಬೇಡಿ, ಕ್ಲಚ್ ಸುಡುತ್ತದೆ. ಬ್ರೇಕ್ ಒತ್ತಿ ನಿಂತು ಹ್ಯಾಂಡ್‌ಬ್ರೇಕ್ ಎಳೆಯಿರಿ. ಹೊರಡುವಾಗ ಆಕ್ಸಿಲರೇಟರ್ ಕೊಟ್ಟು ಕಾರು ಮುಂದಕ್ಕೆ ಎಳೆಯುವುದು ಗೊತ್ತಾದ ಮೇಲೆ ಹ್ಯಾಂಡ್‌ಬ್ರೇಕ್ ಬಿಡಿ.